ಕೆಳಗಿನಿಂದ ತುಂಬಿದ ಪ್ರಬಂಧ

ನಮ್ಮ ಕಂಪನಿ ಜನರ ಮನೆ ಸಾಮಾನನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುತ್ತದೆ. ದಾರಿಯಲ್ಲಿ ಏನಾದರೂ ಒಡೆದರೆ ಇಂಗ್ಲಿಷಿನಲ್ಲಿ ವಿಷಾದದ ಪತ್ರ ಬರೆಯುವುದು ನನ್ನ ಕೆಲಸ. ಐದು ವರ್ಷಗಳಿಂದ ವಿಷಾದಿಸುತ್ತಲೇ ಇದ್ದೇನೆ. ಆ ಬಲದ ಮೇಲೆ ನನಗೆ ಇಂಗ್ಲಿಷ್ ಅರೆದು ಕುಡಿದಷ್ಟು ಬರುತ್ತದೆಂದು ಇಡೀ ಗೋದಾಮು ನಂಬಿತ್ತು. ನಾನೂ ನಂಬಿದ್ದೆ. ಬಡ್ತಿಗೆಂದು ನಡೆಯುವ ಇಂಗ್ಲಿಷ್ ಪ್ರಬಂಧದ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಸಂಗತಿಯನ್ನು ಮಾತ್ರ ಗೋದಾಮಿಗೆ ತಿಳಿಸಿರಲಿಲ್ಲ.

ಆದರೆ ಇದು ನನ್ನ ಕಥೆಯಲ್ಲ, ಅಳತೆಯಣ್ಣನದು.

ಅಳತೆಯಣ್ಣ ಇಪ್ಪತ್ತಾರು ವರ್ಷಗಳಿಂದ ನಮ್ಮಲ್ಲಿ ಲಾರಿಗೆ ಸಾಮಾನು ತುಂಬುವವನು. ಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಎರಡೂ ಕೈಯಿಟ್ಟು ನಿಂತು, ಒಮ್ಮೆ ಒಳಗೆ ಕಣ್ಣಾಡಿಸಿ, "ದೊಡ್ಡ ಗಾಡಿ ಬೇಡ, ಮಧ್ಯದ್ದು ಸಾಕು. ಒಂದು ಬಕೆಟ್ಟು ಮಾತ್ರ ಡ್ರೈವರ್ ಪಕ್ಕ ಕೂತ್ಕೊಳ್ಳುತ್ತೆ" ಎನ್ನುತ್ತಿದ್ದ. ಸಂಜೆಗೆ ನೋಡಿದರೆ ಡ್ರೈವರ್ ಪಕ್ಕದಲ್ಲಿ ಬಕೆಟ್ಟು ಗಂಭೀರವಾಗಿ ಕೂತಿರುತ್ತಿತ್ತು. ಹೆಸರು ಬಂದದ್ದು ಹಾಗೆ.

ಒಬ್ಬನೇ ಬೆನ್ನಿನ ಮೇಲೆ ಫ್ರಿಜ್ಜು ಹೊತ್ತು ಇಳಿಸಿದ ಮನುಷ್ಯ ಮನೆಯಲ್ಲಿ ಬಿದ್ದ ಚಮಚ ಎತ್ತಲು ಬಗ್ಗಿದವನು ಮೇಲೇಳಲಿಲ್ಲ. ದಿನಪತ್ರಿಕೆಗಿಂತ ಭಾರದ್ದೇನನ್ನೂ ಇನ್ನು ಎತ್ತಕೂಡದೆಂದು ಡಾಕ್ಟರು ಹೇಳಿದರು. ಕಂಪನಿಯಲ್ಲಿ ಎತ್ತದೆ ಮಾಡುವ ಕೆಲಸ ಅವನಿಗೆ ಸಿಗುವಂಥದ್ದು ಒಂದೇ ಇತ್ತು, ಗೋದಾಮಿನ ಮೇಲ್ವಿಚಾರಕನದು. ಅದಕ್ಕೊಂದು ಕುರ್ಚಿ ಇತ್ತು. ಆ ಕುರ್ಚಿಯಲ್ಲಿದ್ದವರು ಎರಡು ಮೂರು ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಆದರೆ ಅಲ್ಲಿ ಕೂತವರು ದಿನಾ ಒಂದು ಪುಟ ಇಂಗ್ಲಿಷ್ ವರದಿ ಬರೆಯಬೇಕಾದ್ದರಿಂದ ಪ್ರಬಂಧದ ಪರೀಕ್ಷೆ ಪಾಸಾಗಲೇಬೇಕು. ಪಾಸಾದರೆ ಕುರ್ಚಿ, ಇಲ್ಲದಿದ್ದರೆ ಮನೆ.

"ಮನೇಲಿ ಇವ್ರನ್ನ ಕೂರಿಸ್ಕೊಂಡ್ರೆ ನನ್ನ ಪಾತ್ರೆ ಕಪಾಟನ್ನ ದಿನಕ್ಕೆ ಮೂರ್ ಸಲ ಜೋಡಿಸ್ತಾರೆ" ಎಂದು ಅತ್ತಿಗೆ, ಅಂದರೆ ಅಳತೆಯಣ್ಣನ ಹೆಂಡತಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಹೇಗಾದ್ರೂ ಪಾಸ್ ಮಾಡ್ಸಪ್ಪ."

ಅದೇ ಕುರ್ಚಿಗೆ ನಾನೂ ಅರ್ಜಿ ಹಾಕಿದ್ದೆ. ಅಣ್ಣನಿಗೆ ಹೇಳಿದೆ. ಒಳ್ಳೆಯದೇ ಆಯಿತು, ಇಬ್ಬರೂ ಜೊತೆಗೇ ಓದೋಣ ಎಂದ. ನಾನು ದೊಡ್ಡ ಮನಸ್ಸು ಮಾಡಿ ಒಪ್ಪಿದೆ. ಎದುರಾಳಿ ಗೆಲ್ಲುವುದಿಲ್ಲವೆಂದು ಗೊತ್ತಿದ್ದಾಗ ಮನಸ್ಸು ದೊಡ್ಡದು ಮಾಡುವುದು ಕಷ್ಟವಲ್ಲ.

ಮೊದಲ ವಾರ ಅವನು 'ನನ್ನ ಕೆಲಸ' ಎಂಬ ಪ್ರಬಂಧ ಬರೆದು ತಂದ. ಇಪ್ಪತ್ತಾರು ವರ್ಷ ಪೆಟ್ಟಿಗೆಗಳ ಮೇಲಿನ ಇಂಗ್ಲಿಷ್ ಚೀಟಿ ಓದಿದವನಾದ್ದರಿಂದ ಪದಗಳಿಗೆ ಬರವಿರಲಿಲ್ಲ. ಆದರೆ ಪ್ರಬಂಧ ಶುರುವಾಗುವುದೇ ಬೆನ್ನುನೋವಿನಿಂದ. ನಂತರ ಫ್ರಿಜ್ಜು, ಅವನ ಹುಟ್ಟಿದ ತಾರೀಖು, ಕುರ್ಚಿಯಿಂದ ಏಳಲೊಪ್ಪದ ಯಾರೋ ಒಬ್ಬ ಮುದುಕರು, ಅಂದಿನ ಹವಾಮಾನ, ಕಂಪನಿಗೆ ವಂದನೆ, ಆಮೇಲೆ ಮುದುಕರ ಉಳಿದರ್ಧ.

ಪ್ರಬಂಧಕ್ಕೆ ಪೀಠಿಕೆ, ಒಡಲು, ಮುಕ್ತಾಯ ಎಂದು ಮೂರು ಭಾಗ ಇರಬೇಕೆಂದು ನಾನು ಗತ್ತಿನಿಂದ ಹೇಳಿದೆ.

"ಪೀಠಿಕೇಲಿ ಏನ್ ಮಾಡ್ಬೇಕು?"

"ವಿಷಯಾನ ಪರಿಚಯ ಮಾಡ್ಕೊಡ್ಬೇಕು."

"ಹೇಗೆ?"

"ಪೀಠಿಕೆ ಬರೆದು."

ಇಬ್ಬರೂ ಎದ್ದು ಟೀ ಕುಡಿಯಲು ಹೋದೆವು.

ಮೂರು ವಾರ ಹೀಗೇ ಟೀ ಕುಡಿದ ಮೇಲೆ ಅವನನ್ನು ನಮ್ಮ ಬೀದಿಯ ಮೇಡಂ ಹತ್ತಿರ ಕರೆದೊಯ್ದೆ. ಅವರು ಶಾಲೆಯಿಂದ ನಿವೃತ್ತರಾದವರು. ಲೈಬ್ರರಿಯ ಮಹಡಿಯಲ್ಲಿ ಪ್ರತಿ ಶನಿವಾರ ದೊಡ್ಡವರಿಗೆ ಇಂಗ್ಲಿಷ್ ಬರೆಯುವುದನ್ನು ಕಲಿಸುತ್ತಿದ್ದರು. ಅಣ್ಣನ ಪ್ರಬಂಧವನ್ನು ಎರಡು ಸಲ ಓದಿ, ಹೇಳುವುದಕ್ಕೆ ಬೇಕಾದಷ್ಟಿದೆ, ಆದರೆ ಯಾವುದೂ ಅದರದರ ಜಾಗದಲ್ಲಿಲ್ಲ ಎಂದರು. ಒಂದು ಪ್ಯಾರಾದಲ್ಲಿ ಒಂದೇ ವಿಷಯ ಇರಬೇಕು. ಓದುವವರಿಗೆ ಮೊದಲು ಬೇಕಾದದ್ದು ಮೊದಲು ಸಿಗಬೇಕು.

ಅಳತೆಯಣ್ಣನ ಮುಖ ಅರಳಿತು. "ಅಂದ್ರೆ ಅಡುಗೆಮನೆ ಪೆಟ್ಟಿಗೇಲಿ ಅಡುಗೆಮನೆ ಸಾಮಾನೇ ಇರ್ಬೇಕು."

"ಅಷ್ಟೇ."

"ಇಷ್ಟೇನಾ ಮೇಡಂ? ಇದನ್ನ ಇವ್ನು ಮೂರ್ ವಾರದಿಂದ ಹೇಳ್ತಾನೇ ಇದ್ದ" ಎಂದು ನನ್ನನ್ನು ಕರುಣೆಯಿಂದ ನೋಡಿದ.

ಅವತ್ತಿನಿಂದ ಅವನು ಪೆಟ್ಟಿಗೆಗೆ ಅಂಟಿಸುವ ಚೀಟಿಗಳ ಮೇಲೆ ಒಂದೊಂದೇ ವಾಕ್ಯ ಬರೆದು, ಮನೆಯ ನೆಲದ ಮೇಲೆ ಗುಂಪು ಮಾಡತೊಡಗಿದ. ಮುದುಕರದ್ದೊಂದು ಗುಂಪು, ಮೆಟ್ಟಿಲಿನದೊಂದು, ಹೊಸ ಮನೆಯದೊಂದು. ಗುಡಿಸಲು ಬಂದ ಅತ್ತಿಗೆಗೆ ಮೆಟ್ಟಿಲನ್ನು ತುಳಿಯಬೇಡ ಎಂದನಂತೆ.

ಮುಂದಿನ ಶನಿವಾರದ ಪ್ರಬಂಧ ಬಹಳ ಅಚ್ಚುಕಟ್ಟಾಗಿತ್ತು, ಆದರೆ ಓದಿದವರಿಗೆಲ್ಲ ವಂದನೆಗಳೊಂದಿಗೆ ಶುರುವಾಗಿ, "ಒಂದು ಬೆಳಿಗ್ಗೆ ನಾವು ಒಂದು ಮನೆಗೆ ಹೋದೆವು" ಎಂದು ಮುಗಿಯುತ್ತಿತ್ತು. ನಾನು ತಲೆ ಕೆರೆದುಕೊಂಡೆ.

"ಕೊನೇಲಿ ಇಳಿಯೋದು ಮೊದ್ಲು ಏರ್ಬೇಕಲ್ವಾ ಮೇಡಂ? ಲಾರಿ ತುಂಬೋದೇ ಹಾಗೆ" ಎಂದ ಅಣ್ಣ.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ, ಹಾಳೆಯ ಬಾಗಿಲು ಮೇಲ್ಗಡೆ ಇರುತ್ತದೆ, ಓದುವವರು ಅಲ್ಲಿಂದ ಇಳಿಸಿಕೊಳ್ಳುತ್ತಾರೆ, ಆದ್ದರಿಂದ ಮೊದಲು ಇಳಿಯುವುದು ಬಾಗಿಲ ಹತ್ತಿರವೇ ಇರಲಿ ಎಂದರು. ಅಣ್ಣ ತಲೆದೂಗಿದ. ಮರುವಾರ ಅವನ ಪ್ರಬಂಧದಲ್ಲಿ ಎಲ್ಲವೂ ಸರಿಯಾದ ಜಾಗದಲ್ಲಿತ್ತು, ಹಾಳೆಯೂ ಒಂದು ಗೆರೆ ಉಳಿಯದಂತೆ ತುಂಬಿತ್ತು. ಮೇಡಂ ಮೆಚ್ಚಿದರು. ಅದನ್ನು ಹೇಗೆ ಬರೆದೆ ಎಂದು ಮಾತ್ರ ನಾವಿಬ್ಬರೂ ಕೇಳಲಿಲ್ಲ.

ನನ್ನ ಪ್ರಬಂಧವನ್ನು ಅವತ್ತು ಅಣ್ಣನೇ ಪರೀಕ್ಷಿಸಿದ. ಅದು "ಇಂದಿನ ಆಧುನಿಕ ಜಗತ್ತಿನಲ್ಲಿ ನಾವೆಲ್ಲರೂ ನಿಸ್ಸಂಶಯವಾಗಿ ಗಮನಿಸಬೇಕಾದ ಬಹುಮುಖ್ಯ ಅಂಶವೆಂದರೆ" ಎಂದು ಆರಂಭವಾಗುತ್ತಿತ್ತು. ಅಣ್ಣ ಗೆರೆಯ ಮೇಲೆ ಬೆರಳಿಟ್ಟು, "ಇದು ಕಂಬಳಿ" ಎಂದ. ಗಾಜಿನ ಸಾಮಾನು ತಾಗಿ ಒಡೆಯದಿರಲೆಂದು ಲಾರಿಯಲ್ಲಿ ನಡುನಡುವೆ ಹಳೇ ಕಂಬಳಿ ತುರುಕುತ್ತಾರೆ. "ಇದೂ ಕಂಬಳಿ. ಇದೂನೂ." ಬೆರಳು ಪುಟದ ಕೊನೆ ಮುಟ್ಟಿತು. "ತಮ್ಮಾ, ಕಂಬಳಿ ಬೆಚ್ಚಗಿದೆ. ಸಾಮಾನೆಲ್ಲಿ?"

ಮೇಡಂ ನನ್ನ ಪರವಾಗಿ ಏನಾದರೂ ಹೇಳಬಹುದೆಂದು ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಪರೀಕ್ಷೆ ಹೆಡ್ಡಾಫೀಸಿನ ಸಭಾಂಗಣದಲ್ಲಿ ನಡೆಯಿತು. ಕುರ್ಚಿಗೆ ನಾವಿಬ್ಬರೇ, ಉಳಿದ ಏಳೆಂಟು ಜನ ಬೇರೆ ಬೇರೆ ಬಡ್ತಿಗೆ ಬಂದವರು. 'ಕೆಲಸದಲ್ಲಿ ಮರೆಯಲಾಗದ ಒಂದು ದಿನ' ಎಂಬ ವಿಷಯದ ಮೇಲೆ ಒಂದು ಗಂಟೆಯಲ್ಲಿ ಒಂದು ಪುಟ ಬರೆಯಬೇಕು. ಅಳತೆಯಣ್ಣ ನನ್ನ ಮುಂದಿನ ಮೇಜಿನಲ್ಲಿದ್ದ. ಖಾಲಿ ಹಾಳೆ ಕೈಗೆ ಬಂದದ್ದೇ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ಅದನ್ನು ದಿಟ್ಟಿಸಿದ. ಮೇಲ್ವಿಚಾರಣೆಗೆ ಬಂದಿದ್ದ ಟೈ ಕಟ್ಟಿದ ಅಧಿಕಾರಿ ಕೂತುಕೊಳ್ಳಿ ಎಂದರು. ಅವನು ಕೂತು, ಅಂಚಿನಲ್ಲಿ ಅಳೆದು ಅಳೆದು ಪ್ಯಾರಾಕ್ಕೊಂದರಂತೆ ಐದು ಚುಕ್ಕಿ ಇಟ್ಟ. ಆಮೇಲೆ ಹಾಳೆಯ ತಳಕ್ಕೆ ಹೋಗಿ, ಕೆಳಗಿನ ನಾಲ್ಕು ಗೆರೆಗಳಲ್ಲಿ ಪ್ರಬಂಧದ ಕೊನೆಯ ಪ್ಯಾರಾ ಬರೆದ. ಅದು ಮುಗಿದ ಮೇಲೆ ಅದರ ಮೇಲಿನದು. ಎಲ್ಲಾ ಶನಿವಾರಗಳ ಪ್ರಬಂಧವೂ ಹೀಗೆಯೇ ಏರಿದ್ದೆಂದು ನನಗೆ ಆಗ ತಿಳಿಯಿತು.

ಟೈ ಅಧಿಕಾರಿ ಅವನ ಹಿಂದೆ ಬಂದು ನಿಂತರು. ಬಾಯಿಪಾಠ ಮಾಡಿ ಬಂದವರು ಮಾತ್ರ ಕೊನೆಯಿಂದ ಬರೆಯಬಲ್ಲರು ಎಂದು ಹೇಳಿ ಹಾಳೆಯನ್ನು ಕಿತ್ತುಕೊಂಡರು.

"ಸರ್, ಬಾಗಿಲು ಮೇಲಿದೆ" ಎಂದ ಅಣ್ಣ. "ಒಳಗಿಂದ ತುಂಬ್ಕೊಂಡ್ ಬರ್ತಿದೀನಿ."

ಇದರಿಂದ ಅನುಮಾನ ಹೆಚ್ಚಾಯಿತು. ಹಾಳೆಯನ್ನು ಮೇಲಿನವರಿಗೆ ತೋರಿಸಬೇಕೆಂದು ಅವರು ಬಾಗಿಲ ಕಡೆ ಹೊರಟರು. ಹಾಳೆ ಹೊರಗೆ ಹೋದರೆ ಕುರ್ಚಿ ನನ್ನದು. ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ಅಣ್ಣನ ಒಂದು ಕೈ ತಾನಾಗಿಯೇ ಬೆನ್ನ ಮೇಲೆ ಹೋಯಿತು, ಅದನ್ನು ನಾನು ನೋಡಿಬಿಟ್ಟೆ.

ಎದ್ದು ನಿಂತೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ. ಇಂದಿನ ಆಧುನಿಕ ಜಗತ್ತಿನಲ್ಲಿ ನಾವೆಲ್ಲರೂ ನಿಸ್ಸಂಶಯವಾಗಿ ಗಮನಿಸಬೇಕಾದ ಬಹುಮುಖ್ಯ ಅಂಶವೆಂದರೆ, ಪರೀಕ್ಷೆಯ ನಿಯಮಾವಳಿಯ ಸಮಗ್ರ ಚೌಕಟ್ಟಿನ ಹಿನ್ನೆಲೆಯಲ್ಲಿ ನೋಡಿದಾಗ, ಯಾವ ಗೆರೆಯಿಂದ ಆರಂಭಿಸಬೇಕೆಂಬುದರ ಕುರಿತಂತೆ... ಐದು ವರ್ಷದ ವಿಷಾದವೆಲ್ಲ ಹೊರಬಂತು. ಎಷ್ಟು ಹೊತ್ತು ಮಾತಾಡಿದೆನೋ, ಎಲ್ಲೂ ಪೂರ್ಣವಿರಾಮ ಸಿಗಲಿಲ್ಲ. ಟೈ ಅಧಿಕಾರಿ ಮೊದಲು ಹುಬ್ಬುಗಂಟಿಕ್ಕಿದರು, ಆಮೇಲೆ ಗೋಡೆಗೊರಗಿದರು, ಕೊನೆಗೆ ನಾನು ಬಾಯಿ ಮುಚ್ಚುವುದೊಂದೇ ಮುಖ್ಯ ಎನ್ನುವ ಹಾಗೆ ಹಾಳೆಯನ್ನು ಅಣ್ಣನ ಮೇಜಿನ ಮೇಲೆ ಇಟ್ಟು ಹೋದರು. ನನ್ನ ಕಂಬಳಿ ಆ ಒಂದು ದಿನ ಏನೋ ಒಡೆಯದಂತೆ ಕಾಪಾಡಿತು.

ಆದರೆ ಇಪ್ಪತ್ತು ನಿಮಿಷ ಹೋಗಿತ್ತು. ಗಂಟೆಯಾಗಲು ಇನ್ನು ಎರಡು ನಿಮಿಷ ಇರುವಾಗ ಅಣ್ಣನ ಹಾಳೆಯಲ್ಲಿ ಮೇಲ್ತುದಿಯ ಎರಡೇ ಗೆರೆ ಖಾಲಿ. ಅಲ್ಲಿ ತಾರೀಖು, ಹವಾಮಾನ, ಮನೆಯ ವಿಳಾಸ ಎಲ್ಲ ಬರುವುದಿತ್ತು. ಅಷ್ಟಕ್ಕೆ ಸಮಯವಿರಲಿಲ್ಲ. ಕೈಗೆ ಸಿಕ್ಕ ಸಾಮಾನೊಂದನ್ನು ತುರುಕಿ ಬಾಗಿಲು ಜಡಿದ.

ಫಲಿತಾಂಶದ ಜೊತೆ ಪರೀಕ್ಷಕರ ಟಿಪ್ಪಣಿಯೂ ಬಂತು. ಅಳತೆಯಣ್ಣ ಪಾಸು. ಅವನ ಪ್ರಬಂಧ ಹೀಗೆ ಶುರುವಾಗಿತ್ತು: "ಮುದುಕರು ಕುರ್ಚಿ ಬಿಟ್ಟು ಏಳಲಿಲ್ಲ, ಆದ್ದರಿಂದ ನಾವು ಅವರನ್ನು ಕುರ್ಚಿ ಸಮೇತ ನಾಲ್ಕು ಮಹಡಿ ಇಳಿಸಿದೆವು." ಮುಂದೆ ಮುದುಕರು ದಾರಿಯುದ್ದಕ್ಕೂ ಎಡಕ್ಕೆ, ಬಲಕ್ಕೆ ಎಂದು ಅಪ್ಪಣೆ ಕೊಟ್ಟದ್ದು, ಎರಡನೇ ಮಹಡಿಯಲ್ಲಿ ಪಕ್ಕದ ಮನೆಯವರ ಜೊತೆ ಮಾತಾಡಲು ನಿಲ್ಲಿಸಿದ್ದು, ಕೊನೆಗೆ ಹೊಸ ಮನೆಯಲ್ಲಿ ಕುರ್ಚಿ ಇಳಿಸಿದ್ದೇ ತಡ, ತಾವಾಗಿಯೇ ಎದ್ದು ಬಚ್ಚಲುಮನೆಗೆ ನಡೆದುಹೋದದ್ದು. ಮೊದಲ ವಾಕ್ಯ ಓದಿದ ಮೇಲೆ ಹಾಳೆ ಕೆಳಗಿಡಲಾಗಲಿಲ್ಲ ಎಂದು ಪರೀಕ್ಷಕರು ಬರೆದಿದ್ದರು. ನನ್ನದರ ಮೇಲೆ, "ವಿಷಯ ಬರಬಹುದೆಂದು ಕೊನೆಯವರೆಗೂ ಕಾದೆ" ಎಂದಿತ್ತು. ಆ ಇಪ್ಪತ್ತು ನಿಮಿಷ ಉಳಿದಿದ್ದರೂ ನಾನು ಇನ್ನೆರಡು ಕಂಬಳಿ ತುರುಕುತ್ತಿದ್ದೆ, ಅಷ್ಟೇ.

ಈಗ ನನ್ನ ಪತ್ರಗಳು ಅಳತೆಯಣ್ಣನ ಮೇಜು ದಾಟಿಯೇ ಹೋಗಬೇಕು. ಮೊನ್ನೆ ಒಂದು ಕನ್ನಡಿ ಒಡೆದದ್ದಕ್ಕೆ ಒಂದೂವರೆ ಪುಟ ವಿಷಾದಿಸಿದ್ದೆ. ಮೂರು ವಾಕ್ಯ ಉಳಿದು ವಾಪಸ್ಸು ಬಂತು. ನಿಮ್ಮ ಕನ್ನಡಿ ಒಡೆಯಿತು. ತಪ್ಪು ನಮ್ಮದು. ಗುರುವಾರ ಹೊಸದನ್ನು ತರುತ್ತೇವೆ. ಕನ್ನಡಿಯವರು ಫೋನು ಮಾಡಿ ಥ್ಯಾಂಕ್ಸ್ ಹೇಳಿದರು, ನನ್ನ ವೃತ್ತಿಜೀವನದಲ್ಲಿ ಮೊದಲ ಸಲ.

ನಿನ್ನೆ ಸಂಜೆ ಐದಾದರೂ ಅಣ್ಣ ಕುರ್ಚಿ ಬಿಟ್ಟಿರಲಿಲ್ಲ. ನಾಲ್ಕನೇ ಸಲದ ಪರೀಕ್ಷೆಗೆಂದು ನಾನು ಬರೆದ ಪ್ರಬಂಧದಲ್ಲಿ ಸಾಮಾನು ಹುಡುಕುತ್ತಿದ್ದ. ಕರೆದುಕೊಂಡು ಹೋಗಲು ಬಂದ ಅತ್ತಿಗೆ ಎರಡು ಸಲ ಕೂಗಿ, ಮೂರನೆಯ ಸಲಕ್ಕೆ ನನ್ನ ಕಡೆ ತಿರುಗಿದರು.

"ಇನ್ಮೇಲೆ ಇವ್ರನ್ನೂ ಕುರ್ಚಿ ಸಮೇತನೇ ಎತ್ಕೊಂಡ್ ಹೋಗ್ಬೇಕೇನಪ್ಪ."

ಅಳತೆಯಣ್ಣ ತಲೆಯೆತ್ತಲಿಲ್ಲ. "ಆ ಬಾಗಿಲಲ್ಲಿ ಹಿಡಿಸಲ್ಲ" ಎಂದ. "ಹಿಂದಿನ ಬಾಗಿಲಿಂದ ತಗೊಂಡ್ ಹೋಗಿ."