ಎಡಗೈಗೆ ಸಿಕ್ಕ ಸಂತೆ

ರೇಡಿಯೊ ನಾಟಕಗಳಿಗೆ ಸೌಂಡ್ ಮಿಕ್ಸಿಂಗ್ ಮಾಡುವುದು ಅವಳ ಕಸುಬು. ಮಾತು, ಹೆಜ್ಜೆಸಪ್ಪಳ, ಸಂತೆಯ ಗದ್ದಲ ಎಲ್ಲವೂ ಕಂಪ್ಯೂಟರ್ ಪರದೆಯ ಮೇಲೆ ಬೇರೆ ಬೇರೆ ಟ್ರ್ಯಾಕುಗಳಾಗಿ ಸಾಲುಗಟ್ಟಿರುತ್ತಿದ್ದವು. ವರ್ಷಗಟ್ಟಲೆ ಬಲಗೈಯಲ್ಲಿ ಮೌಸ್ ಹಿಡಿದೇ ಅವುಗಳ ಸದ್ದನ್ನು ಏರಿಸಿ ಇಳಿಸಿದ್ದಳು. ಕೊನೆಗೆ ಮಣಿಕಟ್ಟು ಮುಷ್ಕರ ಹೂಡಿತು. ಡಾಕ್ಟರು ಪಟ್ಟಿ ಬಿಗಿದು, "ಕೈ ವಾಸಿಯಾಗೋವರೆಗೂ ಮೌಸ್ ಮುಟ್ಟಬೇಡಿ" ಎಂದರು. ನಾಟಕವೊಂದು ಅರ್ಧಕ್ಕೆ ನಿಂತಿತ್ತು. ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ.

"ಕೀಬೋರ್ಡಲ್ಲೇ ಮಾಡಬಹುದು ಅತ್ತೆ. ಆದ್ರೆ ಆ ಶಾರ್ಟ್‌ಕಟ್‌ಗಳು ಒಂದೂ ಬೆರಳಿಗೆ ಬರಲ್ಲ" ಎಂದು ಊಟದ ಮೇಜಿನ ಮುಂದೆ ಗೊಣಗಿದಳು.

ಅತ್ತೆ ಟೈಪಿಸ್ಟ್ ಆಗಿ ನಿವೃತ್ತರಾದವರು. "ನರಳ್ತಾ ನರಳ್ತಾ ರೋಗ ಬಂದಾಯ್ತಲ್ಲ, ಇನ್ನು ಹಾಡ್ತಾ ಹಾಡ್ತಾ ರಾಗ ಬರ್ಲಿ. ತಾ ಆ ಲ್ಯಾಪ್‌ಟಾಪು" ಎಂದು, ಕೀಬೋರ್ಡಿನ ಮೇಲಿಟ್ಟ ಅವಳ ಎಡಗೈಗೆ ಟವೆಲ್ ಹೊದಿಸಿದರು. "ಕೀ ನೋಡ್ಬೇಡ ಕಣೇ. ಬೆರಳಿಗೇ ದಾರಿ ಗೊತ್ತಾಗ್ಲಿ."

ಮೊದಮೊದಲು ಎತ್ತು ಏರಿಗೆ, ಕೋಣ ನೀರಿಗೆ. ಹೆಜ್ಜೆಸಪ್ಪಳ ನಿಲ್ಲಿಸಹೋದರೆ ಸಂತೆಯೇ ನಿಂತುಬಿಡುತ್ತಿತ್ತು. ಸಂತೆಯ ದನಿಗಳನ್ನೆಲ್ಲ ಅವಳು ಒಂದು ಗುಂಪಾಗಿ ಕಟ್ಟಿದ್ದಳು. ಒಂದನ್ನು ಇಳಿಸಿದರೆ ಉಳಿದವೂ ಇಳಿಯುತ್ತಿದ್ದವು. ಒಂದನ್ನೇ ಇಳಿಸಬೇಕಾದರೆ ಮೊದಲು ಇನ್ನೊಂದು ಶಾರ್ಟ್‌ಕಟ್ ಒತ್ತಿ ಗುಂಪನ್ನು ತುಸುಹೊತ್ತು ಬಿಡಿಸಬೇಕು.

"ಒಟ್ಟು ಕುಟುಂಬ ಅನ್ನು" ಎಂದು ಅತ್ತೆ ನಕ್ಕರು. "ಒಬ್ಬರಿಗೆ ಅಂದ್ರೆ ಮನೆಮಂದಿಯೆಲ್ಲ ಮುಖ ಊದಿಸ್ಕೊಳ್ತಾರೆ."

ನಾಟಕದ ನಿರ್ದೇಶಕರು ಸ್ಟುಡಿಯೊಗೆ ಬಂದು ಮಿಕ್ಸಿಂಗ್ ಕೇಳಿದ ದಿನ ಅದೇ ಎಡವಟ್ಟಾಯಿತು. "ಸಂತೇಲಿ ಆ ಮುದುಕನ ಕೆಮ್ಮು ಜಾಸ್ತಿ ಆಯ್ತು ಮೇಡಂ, ಸ್ವಲ್ಪ ತಗ್ಗಿಸಿ" ಎಂದರು. ಗುಂಪು ಬಿಡಿಸುವುದನ್ನು ಮರೆತು ಇಳಿಸಿದಳು. ವ್ಯಾಪಾರಿಗಳು, ಗಿರಾಕಿಗಳು, ಅಳುವ ಕೂಸು, ಎಲ್ಲರೂ ಒಟ್ಟಿಗೆ ಪಿಸುಗುಟ್ಟತೊಡಗಿದರು.

"ಇದೇನು, ಸಂತೆಗೆ ಪೊಲೀಸ್ ಬಂದ್ರಾ?"

ಅವಳ ಬಲಗೈ ತಾನಾಗಿ ಮೌಸ್‌ನತ್ತ ಚಾಚಿತು, ಮಣಿಕಟ್ಟು ಚುಳ್ಳೆಂದಿತು. ಕೈ ಹಿಂದೆಗೆದುಕೊಂಡಳು. ಆಮೇಲೆ ಎಡಗೈಯಲ್ಲೇ ಮಾಡಿದ್ದನ್ನು ರದ್ದು ಮಾಡಿದಳು, ಗುಂಪು ಬಿಡಿಸಿದಳು, ಕೆಮ್ಮನ್ನಷ್ಟೇ ತಗ್ಗಿಸಿ ಮತ್ತೆ ಗುಂಪು ಕಟ್ಟಿದಳು. ಕಣ್ಣು ಒಮ್ಮೆಯೂ ಕೀಬೋರ್ಡಿಗೆ ಇಳಿದಿರಲಿಲ್ಲ. ಅದು ಅವಳಿಗೆ ಹೊಳೆದದ್ದು ನಿರ್ದೇಶಕರು "ಹಾಂ, ಸರಿಯಾಯ್ತು. ಮುಂದಿನ ದೃಶ್ಯ" ಎಂದ ಮೇಲೆ.

ನಾಟಕ ಪ್ರಸಾರವಾದ ಸಂಜೆ ಅತ್ತೆ ರೇಡಿಯೊ ಪಕ್ಕದಲ್ಲೇ ಕೂತು ಕೊನೆಯವರೆಗೂ ಕೇಳಿದರು. "ಸದ್ದೆಲ್ಲ ಚೆನ್ನಾಗಿತ್ತು ಕಣೇ. ಕತೆ ಮಾತ್ರ ಸಪ್ಪೆ" ಎಂದು ಎದ್ದು ಹೋದರು.

ಕೈ ನಿಧಾನವಾಗಿ ವಾಸಿಯಾಯಿತು. ಈಗ ಸೂಕ್ಷ್ಮ ಕೆಲಸಗಳಿಗೆ ಮೌಸ್ ಹಿಡಿಯುತ್ತಾಳೆ. ಗುಂಪುಗಳ ಉಸಾಬರಿಯನ್ನು ಮಾತ್ರ ಎಡಗೈಯೇ ನೋಡಿಕೊಳ್ಳುತ್ತದೆ. ಸಂಜೆ ಮೊದಲಿಗಿಂತ ಬೇಗ ಮನೆ ಸೇರುತ್ತಾಳೆ.