ದೊಡ್ಡವ್ವನ ಬದುವಿನ ದಾರಿ

ಮೊನ್ನೆ ಕಚೇರಿಯವರು ಮತ್ತೆ ನನ್ನ ಅಂಕಪಟ್ಟಿ ಕೇಳಿದರು. ಎಷ್ಟು ಸಲ ಕೊಡುವುದೋ... ಭಾಗ್ಯನಗರದ ಮನೆಯ ಟ್ರಂಕಿನಿಂದ ಹಳೆಯ ಫೈಲು ತೆಗೆದೆ. ನಮ್ಮ ಮನೆತನದ ಮೊದಲ ಡಿಗ್ರಿ ಎಂದು ಅವ್ವ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾಪಾಡಿದ್ದಳು. ಅಂಕಪಟ್ಟಿಯ ಹಿಂದಿನಿಂದ ಒಂದು ಜೆರಾಕ್ಸ್ ಹಾಳೆ ಜಾರಿ ಬಿತ್ತು. ನನ್ನದೇ ಇಂಗ್ಲಿಷ್ ಅಕ್ಷರ, ನಾನೇ ಗೀಚಿದ ನಕಾಶೆ: ಹೊಳೆ, ಗದ್ದೆ, ಬದು, ಬಂಡೆ. ನಡುವೆ ಬಾಣದ ಗುರುತಿನ ದಾರಿ.

ಡಿಗ್ರಿ ಮುಗಿದು ನೌಕರಿ ಸಿಗದ ವರ್ಷ ನಾನು ಹೊಳೆ ನಡುವಿನ ವಿರೂಪಾಪುರಗಡ್ಡೆಯಲ್ಲಿದ್ದೆ. ಅಲ್ಲಿ ದೊಡ್ಡವ್ವನ ನಾಲ್ಕು ಗುಡಿಸಲು ಕೋಣೆಗಳಿದ್ದವು. ಬಂಧುವಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದರು. ಹಂಪಿ ನೋಡಿದವರು ಹೊಳೆ ದಾಟಿ ಬಂದು ಅವಳಲ್ಲಿ ಇಳಿಯುತ್ತಿದ್ದರು. ಅವರೊಡನೆ ಇಂಗ್ಲಿಷಿನಲ್ಲಿ ಮಾತಾಡುವವನು ಬೇಕೆಂದು ಕೊನೆಯ ಕೋಣೆ ನನಗೆ ಬಿಟ್ಟುಕೊಟ್ಟಿದ್ದಳು.

ಎರಡು ದಿನಕ್ಕೆಂದು ಬಂದವರು ವಾರ ಉಳಿಯುತ್ತಿದ್ದುದು ಅವಳ ಬೆಳಗಿನ ತಿರುಗಾಟಕ್ಕಾಗಿ. ಚಹಾ ಕುಡಿಸಿ, ಚಪ್ಪಲಿ ಕೈಯಲ್ಲಿ ಹಿಡಿಸಿ, ಭತ್ತದ ಗದ್ದೆಗಳ ಬದುವಿನ ಮೇಲೆ ಒಬ್ಬರ ಹಿಂದೊಬ್ಬರನ್ನು ಬಂಡೆಗಳ ತನಕ ನಡೆಸುತ್ತಿದ್ದಳು. ಪ್ರತಿ ಗದ್ದೆಯ ಅಂಚಿಗೆ ನಿಂತು ಕೂಗುವಳು: "ಬರ್ಲೇನ್ರಿ?" ಒಳಗಿನಿಂದ "ಬಾರಬೇ" ಎಂದರಷ್ಟೇ ಮುಂದಿನ ಹೆಜ್ಜೆ. ಒಮ್ಮೊಮ್ಮೆ "ಹಸಿ ಐತಿ, ಆ ಕಡಿಂದ ಬಾ" ಎಂದು ಬರುತ್ತಿತ್ತು. ಹೊಸದಾಗಿ ಕೆಸರು ಮೆತ್ತಿದ ಬದುವನ್ನು ಗಟ್ಟಿಯಾಗುವ ತನಕ ತುಳಿಯಬಾರದು. ಉತ್ತರವೇ ಬಾರದಿದ್ದರೆ ಸುತ್ತು ಹಾಕುವುದು.

ನನಗೆ ನಗು ಬರುತ್ತಿತ್ತು. "ದಿನಾ ಹೋಗೋ ದಾರಿ, ದಿನಾ ಏನ್ ಕೇಳೂದು ದೊಡ್ಡವ್ವ?"

"ಹೊಲ ಅವರ್ದು, ಕಾಲು ನಮ್ದು. ಕೇಳಿದ್ರ ಬಾಯಿ ಸವಿತೈತೇನ್ರಿ, ಬಿಎ ಸಾಹೇಬ್ರ?"

ಅವಳಿಗೆ ಮಂಡಿ ನೋವು ಹೆಚ್ಚಾದ ವಾರ ನಾನು ಜಾಣತನ ಮಾಡಿದೆ. ಬಂದವರು ತಾವೇ ನಡೆದು ಬರಲಿ ಎಂದು ಈ ಹಾಳೆ ಬರೆದು, ಗಂಗಾವತಿಯಲ್ಲಿ ಜೆರಾಕ್ಸ್ ಮಾಡಿಸಿ ಎಲ್ಲರ ಕೈಗೂ ಕೊಟ್ಟೆ. ಕೂಗಿ ಕೇಳಬೇಕೆಂದು ಮಾತ್ರ ಬರೆಯಲಿಲ್ಲ.

ಮೂರನೇ ದಿನ ಹಾಳೆ ಹಿಡಿದು ಹೋದ ಇಬ್ಬರು ಹಸಿ ಬದು ತುಳಿದರು. ಅದು ಕುಸಿದು, ಮೇಲಿನ ಗದ್ದೆಯ ನೀರು ಪಕ್ಕದ ರೈತನ ಸಸಿಮಡಿಗೆ ನುಗ್ಗಿತು. ನಾಟಿಗೆ ಬಂದ ಸಸಿ ಕೆಸರಲ್ಲಿ ಮಲಗಿತು. ಅವನು ಹಾಳೆ ಹಿಡಿದುಕೊಂಡು ಅಂಗಳಕ್ಕೆ ಬಂದ.

"ಯಾರಬೇ ಇದನ್ನ ಬರದವ್ರು? ಸಾಲಿ ಕಲ್ತವ್ರು ಗೀಟು ಹೊಡದ್ರ ನನ್ನ ಹೊಲದಾಗ ದಾರಿ ಆಗತೈತೇನು?"

ನಾನು ಬಾಗಿಲಲ್ಲೇ ಇದ್ದೆ. ಹೊಲದ ಮಾಲೀಕರ ಮುಂದೆ ತಲೆ ತಗ್ಗಿಸುವುದು ಕೂಲಿ ಮಾಡುವ ನಮ್ಮಪ್ಪನಿಗೇ ಸಾಕು ಎಂದು ಕಲಿತವನು ನಾನು. ಬರೆದವನು ನಾನು ಎನ್ನಲಿಲ್ಲ.

"ನಾನ ಬರಸೀನೋ ತಮ್ಮಾ," ಎಂದಳು ದೊಡ್ಡವ್ವ. "ಮಂಡಿ ಬ್ಯಾನಿ ಅಂತ ಬರಸಿದೆ. ತಪ್ಪಾತು."

ಮರುದಿನ ಬದುವಿನ ಬಾಯಿಗೆ ಜಾಲಿ ಮುಳ್ಳು ಬಿದ್ದಿತ್ತು. ಅವನನ್ನು ನೋಡಿ ಉಳಿದವರೂ ಹಾಕಿದರು. ದೊಡ್ಡವ್ವ ಎಷ್ಟೋ ದಿನ ಬೆಳಿಗ್ಗೆ ಕುಂಟುತ್ತಾ ಹೋಗಿ ಮುಳ್ಳಿನ ಈಚೆ ನಿಂತು ಕೂಗಿದಳು. ಯಾರೂ ಓಗೊಡಲಿಲ್ಲ. ತಿರುಗಾಟವಿಲ್ಲದ ಮೇಲೆ ಜನ ಒಂದೇ ದಿನಕ್ಕೆ ಗಂಟು ಕಟ್ಟತೊಡಗಿದರು. ನನಗೆ ಒಂದು ಮಾತೂ ಅನ್ನಲಿಲ್ಲ ಅವಳು. ಬಿಎ ಸಾಹೇಬ್ರ ಎನ್ನುವುದನ್ನು ಮಾತ್ರ ಬಿಟ್ಟಳು... ನೌಕರಿಯ ಆದೇಶ ಬಂದ ದಿನ ತಾಟಿನ ತುಂಬ ಬಡಿಸಿ, "ಹೋಗಿ ಬಾ" ಎಂದಳು. ತಪ್ಪು ನನ್ನದೆಂದು ಆಗಲೂ ನಾನು ಹೇಳಬಹುದಿತ್ತು.

ಭಾನುವಾರ ಹಾಳೆ ಜೇಬಿಗಿಟ್ಟುಕೊಂಡು ಗಡ್ಡೆಗೆ ಹೋದೆ. ದೊಡ್ಡವ್ವ ತೀರಿಕೊಂಡು ವರ್ಷಗಳಾಗಿವೆ, ಕೋಣೆಗಳೂ ಇಲ್ಲ. ಗದ್ದೆಗಳಿವೆ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ. ಅಂಚಿಗೆ ನಿಂತು ಕೂಗಿದೆ: "ಬರ್ಲೇನ್ರಿ?"

ನಾಟಿ ಮಾಡುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ ನೋಡಿದಳು. "ಯಾರ್ ಬೇಕಾಗಿತ್ರಿ?"

ಯಾರೂ ಇಲ್ಲವ್ವ ಎಂದೆ, ಬದುವಿಗೆ ಕಾಲಿಡಲಿಲ್ಲ. ಚಪ್ಪಲಿ ಕೈಯಲ್ಲೇ ಇದ್ದವು.