ಬಸ್ಸು ಹತ್ತದ ಅಕ್ಕೋರು

ಕಳೆದ ವಾರ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಹೊಸದಾಗಿ ಬಂದ ಇತಿಹಾಸದ ಮೇಡಂ ಊಟದ ಡಬ್ಬಿ ತೆರೆದರು. ಜೋಳದ ರೊಟ್ಟಿ, ಗುರೆಳ್ಳು ಹಿಂಡಿ, ಅದರ ಮೇಲೆ ನಾಲ್ಕು ಹನಿ ಹಸಿ ಎಣ್ಣೆ. ಹುರಿದು ಕುಟ್ಟಿದ ಗುರೆಳ್ಳಿನ ಘಮ ನನ್ನ ಮೇಜಿನತನಕ ಬಂತು. ಕೈಯಲ್ಲಿದ್ದ ಉತ್ತರ ಪತ್ರಿಕೆ ಕೆಳಗಿಟ್ಟೆ. ಕುಷ್ಟಗಿಯ ಆ ಕೋಣೆಯಿಂದ ಮನಸ್ಸು ಎದ್ದು ಹೋಗಿ ಕೊಪ್ಪಳದ ಹೊರಗಿನ ಒಂದು ಬಸ್ ಸ್ಟಾಪಿನಲ್ಲಿ, ಅಕ್ಕೋರ ಪಕ್ಕದಲ್ಲಿ ಕುಳಿತಿತ್ತು. ಅವರ ಚೀಲದಲ್ಲಿ ಯಾವಾಗಲೂ ಇದೇ ರೊಟ್ಟಿ, ಇದೇ ಹಿಂಡಿ…

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಇವರು ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತರಾದವರು. ಆಮೇಲೆ ಒಂದು ಸಣ್ಣ ಸೇವಾಸಂಸ್ಥೆ ಸೇರಿಕೊಂಡಿದ್ದರು. ನನಗೆ ಅವರು ಯಾವ ಪಾಠವನ್ನೂ ಹೇಳಿದವರಲ್ಲ. ಆದರೂ ನಾನು ಬದುಕಿನಲ್ಲಿ ಬೆರಗಾಗಿ ನೋಡಿದ ಶಿಕ್ಷಕಿ ಯಾರು ಎಂದು ಕೇಳಿದರೆ ಅವರ ಮುಖವೇ ಕಣ್ಣೆದುರಿಗೆ ಬರುತ್ತದೆ.

ಆಗ ನಾನು ಕೊಪ್ಪಳದ ಒಂದು ಕಾಲೇಜಿನಲ್ಲಿ ಎಂ.ಎ. ಮೊದಲ ವರ್ಷದಲ್ಲಿದ್ದೆ. ಯಲಬುರ್ಗಾ ಕಡೆಯ ಹಳ್ಳಿಯವಳು. ಅಪ್ಪ ಕುರಿ ಕಾಯುತ್ತಿದ್ದ, ಅವ್ವ ಕೂಲಿಗೆ ಹೋಗುತ್ತಿದ್ದಳು. ನಮ್ಮ ಮನೆತನದಲ್ಲಿ ಹೈಸ್ಕೂಲು ದಾಟಿದ ಮೊದಲನೆಯವಳು ನಾನು. ಹೀಗಾಗಿ ಊರಿಗೆ ಹೋದಾಗಲೆಲ್ಲ ನಾನು ಚೆನ್ನಾಗಿಯೇ ಇರಬೇಕಾಗಿತ್ತು. ‘ಹೆಂಗದಿಯವ್ವಾ’ ಎಂದು ಕೇಳಿದರೆ ‘ಛಲೋ ಅದೀನಿ’ ಎನ್ನುವುದನ್ನು ಬಿಟ್ಟು ಬೇರೆ ಉತ್ತರವೇ ನನ್ನ ಬಳಿ ಇರಲಿಲ್ಲ.

ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಗೆಳತಿ ಕಾರಟಗಿಯವಳು. ಅವಳ ಅಪ್ಪ ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವಳು ನಕ್ಕರೆ ಕೆಳಗಿನ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಮೊದಲ ಸೆಮಿಸ್ಟರಿನಲ್ಲೇ ಆ ನಗು ನಿಂತಿತು. ಮೊದಲು ಊಟ ಬಿಟ್ಟಳು, ಆಮೇಲೆ ತರಗತಿ, ಆಮೇಲೆ ತಲೆ ಬಾಚುವುದನ್ನು. ಹಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಗಾಳಿ ಸೋಕಿದೆ ಎಂದು ಕೆಲವರು ಅಂದರು. ಓದಲಾರದವಳ ನೆವ ಎಂದು ಇನ್ನು ಕೆಲವರು. ನಾನು ಪಕ್ಕದ ಮಂಚದಲ್ಲೇ ಇದ್ದು ಎಲ್ಲವನ್ನೂ ನೋಡಿದೆ, ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ತರಗತಿ ಮುಗಿಸಿ ಬಂದರೆ ಅವಳ ಟ್ರಂಕು ಇರಲಿಲ್ಲ. ಅಣ್ಣ ಬಂದು ಕರೆದುಕೊಂಡು ಹೋಗಿದ್ದನಂತೆ.

ಆಮೇಲೆ ನನಗೆ ಆ ಕೋಣೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಸಂಜೆ ಕಾಲೇಜಿನ ಎದುರಿನ ಬಸ್ ಸ್ಟಾಪಿನಲ್ಲಿ ಕುಳಿತುಬಿಡುತ್ತಿದ್ದೆ. ಯಲಬುರ್ಗಾ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ಕುಷ್ಟಗಿ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ಕತ್ತಲಾಗುವ ಮೊದಲು ಎದ್ದು ಹಾಸ್ಟೆಲ್ಲಿಗೆ ನಡೆಯುತ್ತಿದ್ದೆ. ಯಾರೂ ಏನೂ ಕೇಳುತ್ತಿರಲಿಲ್ಲ…

ಅದಾದ ತಿಂಗಳಿಗೆ ಅಕ್ಕೋರು ನಮ್ಮ ಕಾಲೇಜಿಗೆ ಬಂದರು. ಅವರ ಸಂಸ್ಥೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕೆಲಸವನ್ನು ಹೊಸದಾಗಿ ಕೈಗೆತ್ತಿಕೊಂಡಿತ್ತು. ಬ್ಯಾನರು ಕಟ್ಟಿದ್ದರು, ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂಡಿಸಿದ್ದರು. ಯಾರೋ ಡಾಕ್ಟರು ಬರೆದುಕೊಟ್ಟ ಭಾಷಣವನ್ನು ಅಕ್ಕೋರು ಓದತೊಡಗಿದರು. ರೋಗಗಳ ಹೆಸರು, ಲಕ್ಷಣಗಳ ಪಟ್ಟಿ. ಹಿಂದಿನ ಸಾಲಿನಿಂದ ಯಾರೋ, ಹುಚ್ಚರ ಸಾಲಿ ಶುರುವಾಯಿತು ಎಂದರು. ಎಲ್ಲರೂ ನಕ್ಕರು. ಅಕ್ಕೋರು ಓದುವುದನ್ನು ನಿಲ್ಲಿಸಿ, ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಬೈಯುತ್ತಾರೆ ಎಂದುಕೊಂಡೆವು.

“ನಾ ಓದಾಕತ್ತಿದ್ದು ನನಗ ತಿಳಿವಲ್ದು. ನಿಮಗ ಹೆಂಗ ತಿಳೀಬೇಕು?” ಎಂದರು. “ಏನ್ ಮಾಡಿದ್ರ ನಿಮಗ ಅನುಕೂಲ ಆಕ್ಕೈತಿ ಅನ್ನೂದನ್ನ ನೀವ ಹೇಳ್ರಿ. ನಾ ಕ್ಯಾಂಟೀನಿನ್ಯಾಗ ಕುಂತಿರ್ತೀನಿ.”

ಐದು ಜನ ಹೋದೆವು. ಇಬ್ಬರು ಹೋದದ್ದು ಚಹಾಕ್ಕೆ ಎಂದು ಆಮೇಲೆ ಒಪ್ಪಿಕೊಂಡರು. ಚಹಾ ಬಂತು, ಮುಗಿಯಿತು. ಕೊನೆಗೆ ಕನಕಗಿರಿಯ ಹುಡುಗನೊಬ್ಬ, ಇಂಗ್ಲಿಷಿನಲ್ಲಿ ಪಾಠ ಶುರುವಾದ ಕೂಡಲೇ ತನ್ನ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ ಎಂದ. ಅವನಿಗೂ ಹಾಗಾಗುತ್ತದೆ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. ಅಕ್ಕೋರು ಮಕ್ಕಳ ಎರಡು ಗೆರೆಯ ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಯಾರು ಹೇಳಿದರು ಎಂಬುದನ್ನು ಬರೆಯಲಿಲ್ಲ, ಹೇಳಿದ್ದನ್ನಷ್ಟೇ ಬರೆದರು.

ಮುಂದಿನ ಶನಿವಾರ ಮತ್ತೆ ಬಂದರು. ನಾವು ಹೇಳಿದ ಒಂದೊಂದು ಮಾತಿನ ಮುಂದೆ, ಸಂಸ್ಥೆ ಏನು ಮಾಡಬಹುದು ಎಂದು ಬರೆದುಕೊಂಡು ಬಂದು ನಮ್ಮೆದುರು ಓದಿದರು. ಇದು ಆಗುವುದಿಲ್ಲ, ಇದು ಬೇಡ ಎಂದು ನಾವು ಅಂದಲ್ಲೆಲ್ಲ ರಬ್ಬರಿನಿಂದ ಅಳಿಸಿದರು. ‘ಮಾನಸಿಕ ರೋಗ’ ಎಂಬ ಮಾತು ಅಳಿಸಿಹೋಯಿತು. ಅದರ ಜಾಗದಲ್ಲಿ, ನಮ್ಮ ಬಾಯಲ್ಲಿ ಇದ್ದ ಹಾಗೆ, ‘ಜೀವಕ್ಕ ಸಮಾಧಾನ ಇಲ್ಲ’ ಎಂಬುದು ಬಂತು. ಅರವತ್ತು ದಾಟಿದ ಅಕ್ಕೋರು, ಇಪ್ಪತ್ತೆರಡು ದಾಟದ ನಮ್ಮ ಮಾತಿಗೆ ತಮ್ಮ ಬರಹವನ್ನು ತಾವೇ ಅಳಿಸುತ್ತಿದ್ದರು. ನಮ್ಮದನ್ನು ಅಳಿಸಿದ ಶಿಕ್ಷಕರನ್ನು ಎಷ್ಟೋ ಜನರನ್ನು ನೋಡಿದ್ದೆ. ಇಂಥವರನ್ನು ನೋಡಿರಲಿಲ್ಲ.

ಕಾಲೇಜಿನವರು ಅವರಿಗೆ ಆಫೀಸಿನ ಪಕ್ಕದ ಒಂದು ಕೋಣೆ ಕೊಟ್ಟಿದ್ದರು. ಬಾಗಿಲಿಗೆ ‘ಮಾನಸಿಕ ಆರೋಗ್ಯ ಕೇಂದ್ರ’ ಎಂಬ ಬೋರ್ಡು. ಮೂರು ವಾರ ಅಕ್ಕೋರು ಅಲ್ಲಿ ಒಬ್ಬರೇ ಕುಳಿತರು. ಒಬ್ಬರೂ ಒಳಗೆ ಕಾಲಿಡಲಿಲ್ಲ. ಶನಿವಾರ ನಾವು ಸೇರಿದಾಗ ನಾನು, ಆ ಬಾಗಿಲು ದಾಟುವುದನ್ನು ಇಡೀ ಕಾಲೇಜು ನೋಡುತ್ತದೆ, ಯಾರು ಬರುತ್ತಾರೆ ಎಂದೆ. ಅಕ್ಕೋರು ಸ್ವಲ್ಪ ಯೋಚಿಸಿ ಕೇಳಿದರು: “ಹಂಗಾರ ಒಂದು ಹುಡುಗಿ ಒಬ್ಬಾಕಿನ ತಾಸುಗಟ್ಟಲೆ ಕುಂತ್ರೂ ಯಾಕ ಅಂತ ಯಾರೂ ಕೇಳದ ಜಾಗ ಎಲ್ಲೈತಿ?”

“ಬಸ್ ಸ್ಟಾಪಿನ್ಯಾಗ್ರಿ,” ಎಂದುಬಿಟ್ಟೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕೋರು ನನ್ನನ್ನೇ ನೋಡಿದರು. ನಿನಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ನೋಟುಬುಕ್ಕು ತೆಗೆದು ಅದನ್ನೂ ಬರೆದುಕೊಂಡರು. ಸೋಮವಾರ ಸಂಜೆ ನಾನು ಹೋಗುವಷ್ಟರಲ್ಲಿ, ಕೈಮಗ್ಗದ ಸೀರೆ ಉಟ್ಟು, ಪಕ್ಕದಲ್ಲಿ ಚೀಲ ಇಟ್ಟುಕೊಂಡು, ಊರಿಗೆ ಹೊರಟ ಯಾವುದೋ ದೊಡ್ಡಮ್ಮನ ಹಾಗೆ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು.

ಮುಂದಿನದನ್ನು ನಾವೇ ಕಟ್ಟಿದೆವು. ಅಕ್ಕೋರು ತಾವಾಗಿ ಕೇಳಬೇಕಾದದ್ದು ಒಂದೇ ಮಾತು: ಯಾವ ಬಸ್ಸಿಗೆ ಹೋಗಬೇಕು? ಊರಿನ ಹೆಸರು ಹೇಳಿದರೆ ಅವರು ಮತ್ತೆ ಮಾತಾಡಬಾರದು. ‘ಯಾವ ಬಸ್ಸಿಗೂ ಅಲ್ಲ’ ಎಂದರೆ ಚೀಲ ಸರಿಸಿ ಜಾಗ ಮಾಡಿಕೊಡಬೇಕು. ಹೆಸರು ಕೇಳಬಾರದು. ಬುದ್ಧಿ ಹೇಳಬಾರದು. ಈ ಕೊನೆಯದನ್ನು ಒಪ್ಪಿಕೊಳ್ಳಲು ಅಕ್ಕೋರಿಗೆ ಬಹಳ ಕಷ್ಟವಾಯಿತು. ಬಾಯಿಗೆ ಬಂದದ್ದನ್ನು ನುಂಗುವುದು ಅವರ ಗಂಟಲಿನಲ್ಲೇ ಕಾಣುತ್ತಿತ್ತು. ಆದರೂ ನುಂಗಿದರು. ಡಾಕ್ಟರು ಬೇಕಾದವರಿಗೆ ಅಕ್ಕೋರೇ ಸೋದರತ್ತೆಯ ಹಾಗೆ ಜೊತೆಗೆ ಹೋಗಿ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಿದ್ದರು. ಆ ಬೆಂಚಿಗೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದರು. ನಾವು ಆ ಕಡೆ ನೋಡದೆ ದಾಟಿ ಹೋಗುವುದನ್ನು ಕಲಿತೆವು.

ಬೇಸಿಗೆ ಹತ್ತಿರವಾದಾಗ ನಾನು ಅಕ್ಕೋರಿಗೆ ನನ್ನ ಗೆಳತಿಯ ಸಂಗತಿ ಹೇಳಿದೆ. ಮರುದಿನ ಭಾನುವಾರ ಇಬ್ಬರೂ ಕಾರಟಗಿಗೆ ಹೋದೆವು. ಗೆಳತಿಯ ಕೈಗೆ, ಕೊರಳಿಗೆ ದಾರ ಕಟ್ಟಿದ್ದರು. ಒಳಗಿನ ಕೋಣೆಯಲ್ಲಿ ಮಲಗಿದ್ದಳು, ನಾನು ಕರೆದರೂ ಬರಲಿಲ್ಲ. ಅಕ್ಕೋರು ಅವಳನ್ನು ಕರೆಯಲೇ ಇಲ್ಲ. ಅವಳ ಅವ್ವನ ಪಕ್ಕ ಕುಳಿತು, ಮೊರ ಎಳೆದುಕೊಂಡು ನುಚ್ಚು ಹಸನು ಮಾಡತೊಡಗಿದರು. ನೆಲ್ಲಿನ ಮಾತು, ಕಾಲುವೆ ನೀರಿನ ಮಾತು… ಎರಡು ತಾಸು ಹೀಗೇ ಹೋಯಿತು. ನನಗೆ ಸಿಟ್ಟು ಬರತೊಡಗಿತ್ತು. ಅಷ್ಟರಲ್ಲಿ ಗೆಳತಿ ತಾನಾಗಿಯೇ ಎದ್ದು ಬಂದು ಹೊಸ್ತಿಲಲ್ಲಿ ಕುಳಿತಳು. ಕೂದಲು ಜಡೆಗಟ್ಟಿತ್ತು.

“ನಾ ಹುಚ್ಚಿ ಆಗೀನೇನ್ರಿ?” ಎಂದು ಕೇಳಿದಳು.

ಅಕ್ಕೋರು ಮೊರ ಕೆಳಗಿಟ್ಟರು. “ಇಲ್ಲವ್ವಾ. ನಿನಗ ಜಡ್ಡಾಗೇತಿ. ಜಡ್ಡಿಗೆ ಔಷಧ ಐತಿ. ನಾ ನಿನ್ನ ಕೂಡ ಬರ್ತೀನಿ.”

ಅಷ್ಟೇ. ಅವಳ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಬರುವಾಗ ಬಸ್ಸಿನಲ್ಲಿ, ಮರಳಿ ಎಂಬ ಊರು ದಾಟಿದ ಮೇಲೆ, ಎರಡೂ ಕಡೆ ಹಸಿರು ಗದ್ದೆ ಓಡುತ್ತಿರುವಾಗ, ನಾನೂ ಹೇಳಿದೆ. ಪಕ್ಕದ ಮಂಚದಲ್ಲಿದ್ದು ಎಲ್ಲ ನೋಡಿಯೂ ಬಾಯಿ ಬಿಡಲಿಲ್ಲ ಎಂದು. ಅದೇ ಬೆಂಚಿನಲ್ಲಿ ನಾನೂ ಬಸ್ಸುಗಳನ್ನು ಹತ್ತದೆ ಬಿಡುತ್ತಾ ಕುಳಿತಿರುತ್ತಿದ್ದೆ ಎಂದು. ಅವರು ನನ್ನ ಕೈ ಹಿಡಿದುಕೊಂಡರು, ಕೊಪ್ಪಳ ಬರುವವರೆಗೂ ಬಿಡಲಿಲ್ಲ. ಗೆಳತಿ ಮಾತ್ರೆ ತೆಗೆದುಕೊಂಡು, ನಿಧಾನಕ್ಕೆ ಚೇತರಿಸಿಕೊಂಡು, ಮರುವರ್ಷ ವಾಪಸ್ಸು ಬಂದು ನಮ್ಮ ಜೂನಿಯರುಗಳ ಜೊತೆ ಎಂ.ಎ. ಮುಗಿಸಿದಳು. ನಗು ಮೊದಲಿನಷ್ಟು ಜೋರಾಗಿರಲಿಲ್ಲ, ಆದರೆ ಇತ್ತು.

ನಾವು ಕಾರಟಗಿಗೆ ಹೋಗಿಬಂದ ವರ್ಷವೇ ಕೊಪ್ಪಳದಲ್ಲಿ ಸುದ್ದಿಯೊಂದು ಎದ್ದಿತು. ಯಾರೋ ಹೆಂಗಸು ಬಸ್ ಸ್ಟಾಪಿನಲ್ಲಿ ಹುಡುಗಿಯರ ತಲೆ ಕೆಡಿಸುತ್ತಿದ್ದಾಳೆ ಎಂದು. ವಿಭಾಗದ ಮುಖ್ಯಸ್ಥರು ಅಕ್ಕೋರನ್ನೂ ನಮ್ಮನ್ನೂ ಕರೆಸಿದರು. ಕೆಟ್ಟವರಲ್ಲ, ಹೆದರಿದ್ದರು. ಬಂದು ಮಾತಾಡಿದವರ ಪಟ್ಟಿ ಕೊಡಿ, ಅವರವರ ಮನೆಗೆ ತಿಳಿಸುತ್ತೇವೆ, ನಾಳೆ ಏನಾದರೂ ಆದರೆ ಉತ್ತರ ಹೇಳಬೇಕಾದವನು ನಾನು ಎಂದರು. ಊರಿಗೆ ಪತ್ರ ಹೋದರೆ ಅಪ್ಪ ನನ್ನನ್ನು ಮರುದಿನವೇ ಕರೆದೊಯ್ಯುತ್ತಿದ್ದ.

“ಪಟ್ಟಿ ಇಲ್ರೀ ಸರ್,” ಎಂದರು ಅಕ್ಕೋರು. “ಜೀವಕ್ಕ ಅಪಾಯ ಇದ್ದವ್ರನ್ನ ನಾ ಹಂಗ ಬಿಟ್ಟಿಲ್ಲ, ಅವ್ರನ್ನ ಕೇಳೇ ಮನಿಯವ್ರನ್ನ ಕರಸೇನಿ. ಉಳದವ್ರ ಹೆಸರು ನನಗೂ ಗೊತ್ತಿಲ್ಲ. ಮೂವತ್ತು ವರ್ಷ ಹಾಜರಿ ಕರದೇನ್ರಿ. ಇಲ್ಲಿ ಕರಿಯಂಗಿಲ್ಲ.”

ಬೋರ್ಡಿನ ಕೋಣೆಗೆ ಬೀಗ ಬಿತ್ತು. ಬೆಂಚು ಇದ್ದೇ ಇತ್ತು, ಕೋಣೆ ಹೋದದ್ದು ನಮಗೆ ಗೊತ್ತೇ ಆಗಲಿಲ್ಲ. ನಿಜವಾದ ಕಷ್ಟ ಬಂದದ್ದು ಸಂಸ್ಥೆಯೊಳಗೆ. ಹೆಸರಿಲ್ಲದ, ಫೋಟೋ ಇಲ್ಲದ ಕೆಲಸವನ್ನು ವರದಿಯಲ್ಲಿ ಹೇಗೆ ತೋರಿಸುವುದು ಎಂದು ಅಲ್ಲಿಯ ಹಿರಿಯರು ಕೇಳಿದರು. ಉತ್ತರ ಕೊಡಲು ಅಕ್ಕೋರು ನಮ್ಮನ್ನು ಕರೆದುಕೊಂಡು ಹೋದರು. ತಮಗಿಟ್ಟಿದ್ದ ಕುರ್ಚಿಯಲ್ಲಿ ನನ್ನನ್ನು ಕೂಡಿಸಿ, ತಾವು ಬಾಗಿಲ ಹತ್ತಿರ ನಿಂತರು. ನಾನು ತೊದಲಿದೆ. ಹಿರಿಯರೊಬ್ಬರು, ಅಕ್ಕೋರೇ ನೀವೇ ಹೇಳಿಬಿಡಿ ಎಂದರು. ಅವರು ತಲೆಯಲ್ಲಾಡಿಸಿ ಸುಮ್ಮನೆ ನಿಂತರು. ನಾನು ನೀರು ಕುಡಿದು ಮತ್ತೆ ಶುರುಮಾಡಿದೆ. ಅಷ್ಟು ಜನ ದೊಡ್ಡವರ ಎದುರು ನನ್ನ ಮಾತನ್ನು ನಾನೇ ಪೂರ್ತಿ ಆಡಿದ್ದು ಅದೇ ಮೊದಲು. ಈ ಕೆಲಸ ನೋಡಿಕೊಳ್ಳುವ ಸಂಸ್ಥೆಯ ಸಮಿತಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಇರಲೇಬೇಕು, ಅವರು ಬೇಡವೆಂದ ಕೆಲಸ ನಡೆಯಬಾರದು ಎಂದು ಅವತ್ತು ಬರೆದುಕೊಂಡರು. ಆ ನಿಯಮ ಈಗಲೂ ಇದೆ.

ಅಕ್ಕೋರು ಹೋದದ್ದು ಕೊರೊನಾ ಎರಡನೆಯ ಸಲ ಬಂದ ವರ್ಷ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಬಸ್ಸು ಶುರುವಾದ ಮೇಲೆ ಗೆಳತಿಯೂ ನಾನೂ ಗಂಗಾವತಿಗೆ, ಅವರ ಮನೆಗೆ ಹೋದೆವು. ಅವರ ತಂಗಿ ಇದ್ದರು. ನಮ್ಮ ಅಕ್ಕೋರು ಸಾಲಿಯಲ್ಲಿ ಭಾರಿ ಬಿರುಸಿನವರಾಗಿದ್ದರಂತೆ. ಮನೆಯಲ್ಲೂ ಯಾರಿಗೂ ಮಾತಾಡಲು ಬಿಡುತ್ತಿರಲಿಲ್ಲವಂತೆ. ಕೊನೆಯ ಕೆಲವು ವರ್ಷ ಮಾತ್ರ ಎದುರಿಗೆ ಕುಳಿತವರ ಮಾತು ಮುಗಿಯುವವರೆಗೂ ಸುಮ್ಮನಿರುತ್ತಿದ್ದರಂತೆ. ಇದನ್ನೆಲ್ಲಿ ಕಲಿತೆ ಎಂದು ಕೇಳಿದರೆ, ಕೊಪ್ಪಳದ ಹುಡುಗರು ಕಲಿಸಿದರು ಎನ್ನುತ್ತಿದ್ದರಂತೆ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅದು ಅವರ ಹುಟ್ಟುಗುಣ ಎಂದೇ ನಾವು ತಿಳಿದಿದ್ದೆವು. ಅರವತ್ತರ ಮೇಲೆ, ನಮ್ಮಂಥವರಿಂದ, ಒಂದೊಂದೇ ಅಕ್ಷರದ ಹಾಗೆ ಕಲಿತದ್ದು ಎಂದು ಯಾರಿಗೆ ಗೊತ್ತಿತ್ತು!

ಹೊರಡುವಾಗ ಆ ತಂಗಿ ಬಾಗಿಲವರೆಗೆ ಬಂದು ಕೇಳಿದರು: “ಕಡೀಕ ಭಾಳ ಒಬ್ಬಾಕಿನ ಆಗಿದ್ಲು. ನಮ್ಮ ಮುಂದ ಏನೂ ಬಾಯಿ ಬಿಡಲಿಲ್ಲ. ನಿಮ್ಮ ಮುಂದೇನರ ಹೇಳಿಕೊಂಡಿದ್ಲೇನ್ರಿ?”

ಒಂದೂವರೆ ವರ್ಷ ಆ ಬೆಂಚಿನಲ್ಲಿ ಅವರ ಪಕ್ಕ ಕುಳಿತದ್ದನ್ನೆಲ್ಲ ಒಮ್ಮೆ ನೆನಪು ಮಾಡಿಕೊಂಡೆ. ಆಡಿದ್ದೆಲ್ಲ ನನ್ನ ಮಾತು…

“ಇಲ್ರಿ,” ಎಂದೆ. “ನಾವು ಕೇಳಿದ್ದಿಲ್ಲ.”

ಈಗ ಅಕ್ಕೋರ ಬಗ್ಗೆ ಯಾರಾದರೂ ಕೇಳಿದರೆ ಇಷ್ಟನ್ನೆಲ್ಲ ಹೇಳುತ್ತೇನೆ, ಕೇಳಿದವರು ಬೆರಗಾಗುತ್ತಾರೆ. ಹೇಳಿ ಮುಗಿಸಿದ ಮೇಲೆ ನನಗೆ ಉಳಿಯುವುದು ಮಾತ್ರ ಬೇರೆ. ಅವರ ಜೀವಕ್ಕೆ ಸಮಾಧಾನವಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.